ಹಳೆಯ ಕಾರಿನ ಮೂಲಪತ್ರ

ಕಾಸರಗೋಡು ಸೀಮೆಯ ಹಳೆಯ ಕೃಷಿಕರ ಮನೆಗಳಲ್ಲಿ, ಅಟ್ಟದ ಮೇಲೋ ಒಳಕೋಣೆಯ ಮಂಚದ ಅಡಿಯಲ್ಲೋ ಇರತಕ್ಕ ತಗಡಿನ ಪೆಟ್ಟಿಗೆಯನ್ನು ತೆರೆದು ನೋಡಿದರೆ, ಮೂಲಗೇಣಿಯ ಪತ್ರಗಳು, ಚಾಲಗೇಣಿಯ ಚೀಟಿಗಳು, ತೀರ್ವೆ ಕಟ್ಟಿದ ರಶೀದಿಗಳು, ಯಾವುದೋ ಕಾಲದ ಪಾಲುಪಟ್ಟಿ, ಆ ಪಾಲುಪಟ್ಟಿಯ ದೆಸೆಯಿಂದಲೇ ಹುಟ್ಟಿ ಎರಡು ತಲೆಮಾರು ನಡೆದ ವ್ಯಾಜ್ಯದ ತೀರ್ಪಿನ ನಕಲು, ಇವೆಲ್ಲವೂ ಬಟ್ಟೆಯಲ್ಲಿ ಸುತ್ತಿ ಭದ್ರವಾಗಿರುವುದನ್ನು ಕಾಣಬಹುದು. ಅದೇ ಮನೆಯ ಅಂಗಳದ ಮೂಲೆಯಲ್ಲಿ, ಅಡಿಕೆಯ ಗೋಣಿಗಳ ಪಕ್ಕದಲ್ಲಿ, ಟಯರಿನ ಗಾಳಿ ಇಳಿದು ನಿಂತಿರುವ ಅಂಬಾಸಿಡರನ್ನೋ ಫಿಯೆಟ್ಟನ್ನೋ ತೋರಿಸಿ, ಇದು ಕಾರ್ಖಾನೆಯಿಂದ ಬಂದಾಗಿನ ಕಾಗದಗಳೆಲ್ಲಿ ಎಂದು ಕೇಳಿದರೆ, ಮನೆಯ ಯಜಮಾನನಿಗೆ ಆ ಪ್ರಶ್ನೆಯ ಅರ್ಥವೇ ಕ್ಷಣಕಾಲ ಹೊಳೆಯುವುದಿಲ್ಲ. "ಎಲ್ಲೋ ಇತ್ತು, ಅಪ್ಪನ ಕಾಲದ್ದು, ಮಳೆಗೆ ಹೋಗಿರಬೇಕು" ಎಂಬುದು ಸಾಮಾನ್ಯವಾಗಿ ದೊರೆಯುವ ಉತ್ತರ. ಭೂಮಿಯ ಕಾಗದವನ್ನು ಮಳೆಯಿಂದ ಕಾಪಾಡಿದ ಕೈಯೇ ಕಾರಿನ ಕಾಗದವನ್ನು ಮಳೆಗೆ ಒಪ್ಪಿಸಿಬಿಟ್ಟಿರುತ್ತದೆ.

ಈ ತಾರತಮ್ಯದ ಕಾರಣವನ್ನು ಬಹಳ ದೂರ ಹುಡುಕಬೇಕಾಗಿಲ್ಲ. ಭೂಮಿಯ ಪತ್ರಕ್ಕೆ ಕಾನೂನಿನ ಬಲವಿತ್ತು. ಅದು ಕಳೆದರೆ ತೋಟವೇ ಕಳೆದೀತೆಂಬ ಭಯವಿತ್ತು. ಆದರೆ ಇಲ್ಲಿ ಗಮನಿಸತಕ್ಕ ಒಂದು ವಿಶೇಷವುಂಟು. ತಿದ್ದುಪಡಿಯಾದ ಭೂಸುಧಾರಣಾ ಶಾಸನವು 1970ರ ಜನವರಿ 1ರಂದು ಕೇರಳದಲ್ಲಿ ಜಾರಿಗೆ ಬಂದು ಗೇಣಿಯ ಪದ್ಧತಿಯೇ ಅಳಿದ ಮೇಲೆ, ಆ ಚೀಟಿಗಳ ಕಾನೂನಿನ ಬಲವು ಅಸ್ತಂಗತವಾಯಿತು. ಆದರೂ ಜನ ಅವನ್ನು ಎಸೆಯಲಿಲ್ಲ. ಅಭ್ಯಾಸಬಲದಿಂದ ಉಳಿದ ಆ ಚೀಟಿಗಳೇ ಇಂದು ನಮ್ಮ ಸೀಮೆಯ ಸಮಾಜದ ಇತಿಹಾಸವನ್ನು ಬರೆಯಹೊರಟವನಿಗೆ ಪ್ರಥಮ ದರ್ಜೆಯ ಆಧಾರಗಳಾಗಿವೆ. ಎಂದರೆ, ಕಾಗದವೊಂದು ತನ್ನನ್ನು ಹುಟ್ಟಿಸಿದ ಪ್ರಯೋಜನವನ್ನು ಮುಗಿಸಿದ ಮೇಲೆಯೇ ಸಾಕ್ಷಿಯಾಗುವ ಯೋಗ್ಯತೆಯನ್ನು ಪಡೆಯುತ್ತದೆ. ಏಕೆಂದರೆ ಆಗ ಅದಕ್ಕೆ ಸುಳ್ಳು ಹೇಳುವುದರಿಂದ ಬರುವ ಲಾಭ ಯಾವುದೂ ಉಳಿದಿರುವುದಿಲ್ಲ. ಹಳೆಯ ಕಾರಿನ ಮೂಲಪತ್ರಗಳ ವಿಷಯದಲ್ಲಿ ನಾನು ವಾದಿಸಬಯಸುವುದೂ ಇದನ್ನೇ: ಅವನ್ನು ಹುಡುಕಿ ಉಳಿಸಬೇಕಾದುದು ಕಾರಿನ ಬೆಲೆಯನ್ನು ಏರಿಸುವುದಕ್ಕಾಗಿ ಅಲ್ಲ, ಸಾಕ್ಷ್ಯಕ್ಕಾಗಿ. ಸಾಕ್ಷ್ಯಕ್ಕಾಗಿ ಎಂದ ಮೇಲೆ, ದೊರೆತ ಸ್ಥಿತಿಯಲ್ಲಿಯೇ, ಕಲೆಗಳ ಸಹಿತವಾಗಿಯೇ ಉಳಿಸಬೇಕು.

ಕಾರ್ಖಾನೆಯ ಕಾಗದವೆಂದರೆ ಏನು ಎಂಬುದನ್ನು ಮೊದಲು ತಿಳಿಯೋಣ. ಅಮೆರಿಕದ ದೊಡ್ಡ ಕಾರ್ಖಾನೆಗಳಲ್ಲಿ, ಜೋಡಣೆಯ ಸಾಲಿನಲ್ಲಿ ಚಲಿಸುತ್ತಿದ್ದ ಒಂದೊಂದು ಕಾರಿಗೂ ಒಂದೊಂದು ಹಾಳೆಯಿರುತ್ತಿತ್ತು. ಯಾವ ಎಂಜಿನ್, ಯಾವ ಗೇರುಪೆಟ್ಟಿಗೆ, ಯಾವ ಬಣ್ಣ, ಯಾವ ಸೀಟುಬಟ್ಟೆ, ರೇಡಿಯೋ ಉಂಟೋ ಇಲ್ಲವೋ ಎಂಬುದನ್ನೆಲ್ಲ ಸಂಕೇತಾಕ್ಷರಗಳಲ್ಲಿ ಕೆಲಸಗಾರನಿಗೆ ತಿಳಿಸುವುದಷ್ಟೇ ಅದರ ಕಾರ್ಯ. ಕೊಳ್ಳುವವನ ಕೈಗೆ ಅದು ಹೋಗಬೇಕೆಂಬ ಉದ್ದೇಶವಿರಲಿಲ್ಲ. ಕೆಲಸ ಮುಗಿದೊಡನೆ ಕೆಲಸಗಾರನು ಅದನ್ನು ಸೀಟಿನ ಸ್ಪ್ರಿಂಗುಗಳ ಮಧ್ಯಕ್ಕೆ ತುರುಕುತ್ತಿದ್ದ. ಕೆಲವೊಮ್ಮೆ ಪೆಟ್ರೋಲ್ ಟ್ಯಾಂಕಿನ ಮೇಲೆ, ಕೆಲವೊಮ್ಮೆ ನೆಲಹಾಸಿನ ಅಡಿಯಲ್ಲಿ ಅದು ಉಳಿಯುತ್ತಿತ್ತು. ಹೀಗೆ ಕಸವೆಂದು ಅಡಗಿಸಿದ ಹಾಳೆಯನ್ನು ಐವತ್ತು ವರ್ಷಗಳ ಬಳಿಕ ಜನ ತುಕ್ಕಿನಿಂದ ಬಿಡಿಸಿ, ಉಸಿರು ಬಿಗಿಹಿಡಿದು ತೆರೆಯುತ್ತಾರೆ. ಕೊಳ್ಳುವವನಿಗಾಗಿಯೇ ಮಾಡಿದ ಕಾಗದ ಬೇರೆ: ಸೆನೆಟರ್ ಮನ್ರೋನಿಯ ಪ್ರಯತ್ನದಿಂದ 1958ರಲ್ಲಿ ಆದ ಶಾಸನದ ಪ್ರಕಾರ, ಹೊಸ ಕಾರಿನ ಕಿಟಕಿಯ ಗಾಜಿನ ಮೇಲೆ ಬೆಲೆ, ಹೆಚ್ಚುವರಿ ಸಲಕರಣೆ, ತಲಪಬೇಕಾದ ವಿಕ್ರಯಗಾರ ಮೊದಲಾದ ವಿವರಗಳ ಚೀಟಿಯನ್ನು ಅಂಟಿಸಲೇಬೇಕಾಯಿತು. ಇಂಗ್ಲೆಂಡಿನಲ್ಲಿ ಇನ್ನೊಂದು ಕ್ರಮ. ಅಲ್ಲಿನ ಗೇಡನ್ ಎಂಬಲ್ಲಿರುವ ಬ್ರಿಟಿಷ್ ಮೋಟಾರು ವಸ್ತುಸಂಗ್ರಹಾಲಯವು ಮಾರಿಸ್, ಎಂ.ಜಿ. ಮೊದಲಾದ ಕಂಪೆನಿಗಳ ಉತ್ಪಾದನೆಯ ಕಡತಗಳನ್ನು ಕಾಪಾಡಿಕೊಂಡು ಬಂದಿದೆ. ಚಾಸಿ ಸಂಖ್ಯೆಯನ್ನು ಕೊಟ್ಟು ಶುಲ್ಕ ತೆತ್ತರೆ, ಆ ಕಾರು ಎಂದು ತಯಾರಾಯಿತು, ಯಾವ ಬಣ್ಣದಲ್ಲಿ ಹೊರಟಿತು, ಎಲ್ಲಿಗೆ ರವಾನೆಯಾಯಿತು ಎಂಬುದನ್ನು ಕಡತದಿಂದ ತೆಗೆದು ಪ್ರಮಾಣಪತ್ರದಲ್ಲಿ ಬರೆದುಕೊಡುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಸೇರಿಸಲೇಬೇಕು. ಸೀಟಿನೊಳಗೆ ದೊರೆತ ಹಾಳೆಯು ಆ ಕಾರಿನದೇ ಎಂದು ಮೊದಲೇ ನಂಬಿಬಿಡುವುದು ಸಲ್ಲದು. ಸಾಲಿನಲ್ಲಿ ಹಿಂದೆ ಬರುತ್ತಿದ್ದ ಕಾರಿನ ಹಾಳೆ ಮುಂದಿನದರ ಸೀಟಿಗೆ ಸೇರಿದ್ದೂ ಉಂಟು. ಹಾಳೆಯ ಮೇಲಿನ ಸಂಖ್ಯೆಯನ್ನು ಲೋಹದ ಮೇಲೆ ಒತ್ತಿದ ಸಂಖ್ಯೆಯೊಡನೆ ಹೋಲಿಸಿ ನೋಡಿದ ಮೇಲಷ್ಟೇ ಅದು ಪ್ರಮಾಣ. ಮಂಜೇಶ್ವರದಲ್ಲಿ ಕುಳಿತು ಒಂದು ತಿಥಿಯ ನಿರ್ಣಯಕ್ಕಾಗಿ ಶಾಸನವನ್ನು ಪಂಚಾಂಗದೊಡನೆ, ಪಂಚಾಂಗವನ್ನು ಕಾವ್ಯದೊಡನೆ ತಾಳೆ ನೋಡುತ್ತಿದ್ದ ಗೋವಿಂದ ಪೈಗಳ ಊರಿನವರಾದ ನಮಗೆ ಈ ವಿಧಾನವನ್ನು ಯಾರೂ ಹೊಸದಾಗಿ ಕಲಿಸಬೇಕಾದುದಿಲ್ಲ. ನಮ್ಮ ಸೀಮೆಯದೇ ಆದ ತಳಂಗರೆಯ ಕನ್ನಡ ಶಾಸನವನ್ನು ಓದಿದವರು ಕಲ್ಲಿಗೆ ತೋರಿಸಿದ ಗೌರವವನ್ನು ನಾವು ಒಂದು ತಗಡಿನ ಫಲಕಕ್ಕೂ ಎಣ್ಣೆಹಿಡಿದ ಹಾಳೆಗೂ ತೋರಿಸಬಾರದೇಕೆ?

ನಮ್ಮ ದೇಶದ ಕಾರುಗಳ ಸೀಟಿನೊಳಗೆ ಅಮೆರಿಕದಂಥ ಹಾಳೆ ದೊರೆತೀತೆಂದು ಆಸೆ ಹುಟ್ಟಿಸುವುದು ಸರಿಯಲ್ಲ. ನಮ್ಮ ಕಥೆಯೇ ಬೇರೆ. ಜನರಲ್ ಮೋಟಾರ್ಸ್ ಕಂಪೆನಿಯು 1928ರಿಂದ ಮುಂಬಯಿಯಲ್ಲಿ ಷೆವರ್ಲೆ ಕಾರುಗಳನ್ನು ಜೋಡಿಸತೊಡಗಿತು. ಭಾಗಗಳು ಹಡಗಿನಲ್ಲಿ ಬಂದು ಇಲ್ಲಿ ಒಂದುಗೂಡುತ್ತಿದ್ದುವಾದುದರಿಂದ ಅಂಥ ಕಾರಿಗೆ ಎರಡು ಖಂಡಗಳಲ್ಲಿ ಹುಟ್ಟು. ಬಿರ್ಲಾ ಮನೆತನದವರು 1942ರಲ್ಲಿ ಸ್ಥಾಪಿಸಿದ ಹಿಂದುಸ್ತಾನ್ ಮೋಟಾರ್ಸ್ ಗುಜರಾತಿನ ಓಖಾ ಬಂದರಿನಿಂದ ಬಂಗಾಳದ ಉತ್ತರಪಾಡಕ್ಕೆ ಹೋಯಿತು. ವಾಲಚಂದ್ ಹೀರಾಚಂದರ ಪ್ರೀಮಿಯರ್ ಕಂಪೆನಿ 1944ರಲ್ಲಿ ಹುಟ್ಟಿ ಮುಂಬಯಿಯ ಕುರ್ಲಾದಲ್ಲಿ ಮೊದಲು ಡಾಡ್ಜ್, ಪ್ಲಿಮತ್‌ಗಳನ್ನೂ ಅನಂತರ ಫಿಯೆಟ್ಟನ್ನೂ ಮಾಡಿತು. ದೇಶದಲ್ಲಿಯೇ ತಯಾರಿಸುವ ಯೋಜನೆಯಿಲ್ಲದ ಕಂಪೆನಿಗಳಿಗೆ ಇಲ್ಲಿ ಸ್ಥಾನವಿಲ್ಲವೆಂದು ಭಾರತ ಸರ್ಕಾರ 1953ರಲ್ಲಿ ನಿರ್ಧರಿಸಿದ್ದರಿಂದ ಮರುವರ್ಷವೇ ಜನರಲ್ ಮೋಟಾರ್ಸೂ ಫೋರ್ಡೂ ಗಂಟುಮೂಟೆ ಕಟ್ಟಿದುವು. ಉಳಿದುದು ಅಂಬಾಸಿಡರ್, ಫಿಯೆಟ್, ಮದರಾಸಿನ ಸ್ಟ್ಯಾಂಡರ್ಡ್. ಮಲೆಯ ದಾರಿಗೆ ಮಹೀಂದ್ರದ ಜೀಪು. ಬೇಡಿಕೆ ಬಹಳ, ಉತ್ಪನ್ನ ಅಲ್ಪ. ಆದುದರಿಂದ 1959ರಲ್ಲಿ ಕಾರುಗಳ ಹಂಚಿಕೆಗೂ ಮಾರಾಟಕ್ಕೂ ಸರ್ಕಾರದ ನಿಯಂತ್ರಣದ ಆಜ್ಞೆ ಬಂತು. ಮುಂಗಡ ಹಣ ಕಟ್ಟಿ, ಹೆಸರು ಬರೆಸಿ, ಮಗನ ಮದುವೆಗೆಂದು ಬಯಸಿದ ಕಾರು ಮೊಮ್ಮಗನ ನಾಮಕರಣಕ್ಕೆ ಬಂದರೂ ಯಾರೂ ಆಶ್ಚರ್ಯಪಡದ ಕಾಲವದು.

ಆ ಕಾಲದ ಕಾರಿನ ಜೊತೆ ಮನೆಗೆ ಬಂದ ಕಾಗದಗಳು ಯಾವುವು? ಸರದಿ ಬಂದಿತೆಂದು ತಿಳಿಸಿದ ಪತ್ರ, ವಿಕ್ರಯಗಾರನ ಬಿಲ್ಲು, ಮಾರಾಟದ ಪ್ರಮಾಣಪತ್ರ, ಕಂಪೆನಿಯ ಗ್ಯಾರಂಟಿ ಕಾರ್ಡು, ಮೊದಲ ಸರ್ವಿಸುಗಳ ಕೂಪನ್ನು ಪುಸ್ತಕ, ಚಾಲನೆಯ ಕೈಪಿಡಿ, ಕೊನೆಗೆ ನಮ್ಮವರು ಆರ್.ಸಿ. ಬುಕ್ಕು ಎಂದು ಕರೆಯುವ ನೋಂದಣಿ ಪುಸ್ತಕ. ಇವುಗಳಲ್ಲಿ ಕೊನೆಯದೊಂದನ್ನು ಮಾತ್ರ ಪೋಲೀಸರ ಭಯದಿಂದ ಜನ ಕಾಪಾಡಿದರು. ಕಾಗದವಿಲ್ಲದ ವಾಹನದ ಗತಿಯೇನೆಂಬುದನ್ನು ಗಡಿಯ ತಲಪಾಡಿಯ ತನಿಖಾಠಾಣೆಯು ನಮಗೆ ಸಾಕಷ್ಟು ಸಲ ಬೋಧಿಸಿದೆ. ಉಳಿದುವು ಭಯ ಹುಟ್ಟಿಸದಿದ್ದುದರಿಂದ ಅಳಿದುವು. ಕಾರ್ಖಾನೆಯಿಂದ ಪ್ರಮಾಣಪತ್ರ ತರಿಸುವ ರೂಢಿಯೇ ನಮ್ಮಲ್ಲಿ ಬೆಳೆದಿಲ್ಲವಾದ ಕಾರಣ, ಮನೆಯಲ್ಲಿರುವ ಪ್ರತಿಯೇ ನಮಗೆ ಮೊದಲನೆಯ ಪ್ರತಿ, ಅದೇ ಕೊನೆಯ ಪ್ರತಿ. ಇಂಗ್ಲೆಂಡಿನವನು ಕೂಪನ್ನು ಕಳೆದುಕೊಂಡರೆ ಗೇಡನ್ನಿಗೆ ಬರೆಯಬಹುದು. ನಮ್ಮ ಪೆರ್ಲದವನು ಯಾರಿಗೆ ಬರೆದಾನು? ಉತ್ತರಪಾಡದ ಕಾರ್ಖಾನೆಯಲ್ಲಿ 2014ರ ಮೇ 24ರಂದು ಕೆಲಸ ನಿಂತಿತು. ಮೂರು ವರ್ಷಗಳ ತರುವಾಯ ಅಂಬಾಸಿಡರ್ ಎಂಬ ಹೆಸರನ್ನೇ ಎಂಬತ್ತು ಕೋಟಿ ರೂಪಾಯಿಗೆ ಫ್ರಾನ್ಸಿನ ಪೇಜೋ ಕಂಪೆನಿಗೆ ಮಾರಲಾಯಿತು.

ಮೇ 24 ಎಂಬ ದಿನಾಂಕವನ್ನು ಕಂಡಾಗಲೆಲ್ಲ ಕಾಸರಗೋಡಿನವನಿಗೆ ಇನ್ನೊಂದು ನೆನಪು ಬರುತ್ತದೆ. 1984ರ ಅದೇ ದಿನ ನಮ್ಮ ಜಿಲ್ಲೆ ಹುಟ್ಟಿತು. ಇದು ಕೇವಲ ಕಾಕತಾಳೀಯ. ಆದರೆ ಕಾರಿನ ಕಾಗದಕ್ಕೂ ಜಿಲ್ಲೆಯ ಇತಿಹಾಸಕ್ಕೂ ಇರುವ ನಂಟು ಕಾಕತಾಳೀಯವಲ್ಲ, ಮತ್ತು ನನ್ನ ವಾದದ ತಿರುಳು ಇಲ್ಲಿಯೇ ಇದೆ. ಸಾವಿರದ ಒಂಬೈನೂರ ಐವತ್ತರ ದಶಕದ ಆರಂಭದಲ್ಲಿ ಕುಂಬಳೆಯ ಸುತ್ತಿನವನೊಬ್ಬ ಕಾರನ್ನು ಕೊಂಡನೆಂದು ಭಾವಿಸೋಣ. ಆಗ ಕಾಸರಗೋಡು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಜಿಲ್ಲೆಯ ಕೇಂದ್ರ ಮಂಗಳೂರು. ಆದುದರಿಂದ ಪುಸ್ತಕದ ಮೊದಲ ಪುಟದಲ್ಲಿ ಮಂಗಳೂರಿನ ಮುದ್ರೆ, ಮದರಾಸಿನ ಅಕ್ಷರ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ, ದಕ್ಷಿಣ ಕನ್ನಡವು ಮೈಸೂರಿಗೆ ಸೇರಿತು, ಅದರ ದಕ್ಷಿಣದ ತುದಿಯಾದ ಕಾಸರಗೋಡು ಕೇರಳಕ್ಕೆ ಸೇರಿ ಬಳಿಕ ಕಣ್ಣೂರು ಜಿಲ್ಲೆಯ ಭಾಗವಾಯಿತು. ಕಾರು ಕೊಟ್ಟಿಗೆಯಿಂದ ಕದಲಲಿಲ್ಲ. ಕಚೇರಿ ಮಾತ್ರ ಉತ್ತರದಿಂದ ದಕ್ಷಿಣಕ್ಕೆ ಹೊರಟುಹೋಯಿತು. ಅಲ್ಲಿಂದ ಮುಂದಿನ ಪುಟಗಳಲ್ಲಿ ಕಣ್ಣೂರಿನ ಮುದ್ರೆ. 1984ರ ಬಳಿಕ ಕಾಸರಗೋಡಿನ ಮುದ್ರೆ. ಈ ಗಡಿಯ ಪ್ರಶ್ನೆಯನ್ನು ಪರಿಶೀಲಿಸಿದ ಮಹಾಜನ ಆಯೋಗವು 1967ರಲ್ಲಿ ಚಂದ್ರಗಿರಿ ನದಿಯ ಉತ್ತರದ ಪ್ರದೇಶವನ್ನು ಮೈಸೂರಿಗೆ ಸೇರಿಸತಕ್ಕದ್ದೆಂದು ವರದಿ ಮಾಡಿತು, ವರದಿ ವರದಿಯಾಗಿಯೇ ಉಳಿಯಿತು. ಅದರ ಮೇಲೆ ಎಷ್ಟು ಸಭೆಗಳು, ಎಷ್ಟು ಭಾಷಣಗಳು! ಅವೆಲ್ಲವೂ ಹೇಳಿದುದನ್ನು ಆವೇಶವಿಲ್ಲದೆ, ಒಂದು ವಿಶೇಷಣವನ್ನೂ ಬಳಸದೆ, ಈ ಪುಟ್ಟ ಪುಸ್ತಕದ ಮೂರು ಮುದ್ರೆಗಳು ಹೇಳುತ್ತವೆ. ಡೆಟ್ರಾಯಿಟಿನ ಸಂಗ್ರಾಹಕನ ಮನೆಯಲ್ಲಿರುವ ಎಂಥ ಹಾಳೆಗೂ ಈ ಮಾತನ್ನು ಹೇಳುವ ಶಕ್ತಿಯಿಲ್ಲ.

ಆದಕಾರಣ, ಕಾರ್ಖಾನೆಯಿಂದ ಹೊರಟ ದಿನದ ಕಾಗದ ಮಾತ್ರ ಮೂಲಪತ್ರವೆಂದು ಪಶ್ಚಿಮದ ಸಂಗ್ರಾಹಕರು ಇಟ್ಟುಕೊಂಡಿರುವ ಲಕ್ಷಣವನ್ನು ನಾವು ಹಾಗೆಯೇ ಸ್ವೀಕರಿಸಲಾಗದು. ನಮ್ಮಲ್ಲಿ ಕಾರು ಹುಟ್ಟಿದ ಮೇಲೆಯೂ ಹುಟ್ಟುತ್ತಲೇ ಇರುತ್ತದೆ. ಪೆಟ್ರೋಲ್ ಎಂಜಿನನ್ನು ಕಿತ್ತು ಡೀಸೆಲ್ ಎಂಜಿನ್ ಕೂರಿಸಿದುದು, ಮುಂದಿನ ಇಬ್ಬರ ಸೀಟಿನಲ್ಲಿ ಮೂವರನ್ನು ಕೂರಿಸುವಂತೆ ಮಾಡಿದುದು, ಬ್ಯಾಂಕಿನ ಸಾಲದ ಹೊರೆ ಬರೆದು ಹೊಡೆದುಹಾಕಿದುದು, ಊರಿನ ಗ್ಯಾರೇಜಿನ ಮೇಸ್ತ್ರಿ ರೂಲುಕಾಗದದ ಮೇಲೆ ಬರೆದುಕೊಟ್ಟ ಬಿಲ್ಲು, ಇವೂ ಆ ವಾಹನದ ಚರಿತ್ರೆಯೇ. ಶುದ್ಧವಾದ ಆದಿಸ್ಥಿತಿಯೊಂದೇ ಸತ್ಯ, ಅನಂತರದ್ದೆಲ್ಲ ಮಾಲಿನ್ಯವೆಂಬ ಭಾವನೆ ಯಂತ್ರಕ್ಕೂ ಒಪ್ಪುವುದಿಲ್ಲ, ಮನುಷ್ಯನಿಗೂ ಒಪ್ಪುವುದಿಲ್ಲ.

ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಏರಿದೆ. 1929 ಮತ್ತು 1930ರಲ್ಲಿ ಫ್ರಾನ್ಸಿನ ಲೆ ಮಾನ್ ಪಂದ್ಯವನ್ನು ಗೆದ್ದ, 'ಓಲ್ಡ್ ನಂಬರ್ ವನ್' ಎಂದು ಪ್ರಸಿದ್ಧವಾದ ಬೆಂಟ್ಲಿ ಕಾರನ್ನು ಒಂದು ಕೋಟಿ ಪೌಂಡಿಗೆ ಕೊಳ್ಳುವ ಕರಾರು ಮಾಡಿಕೊಂಡವರು, ಇದರಲ್ಲಿ ಮೂಲದ ಭಾಗಗಳೇ ಬಹುಮಟ್ಟಿಗೆ ಉಳಿದಿಲ್ಲ, ಆದುದರಿಂದ ಇದು ಆ ಕಾರೇ ಅಲ್ಲ ಎಂದು ಹಿಂದೆಗೆದರು. 1990ರಲ್ಲಿ ಲಂಡನ್ನಿನ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಆಟನ್ ಅವರು, ಭಾಗಗಳು ಬದಲಾಗಿದ್ದರೂ ಅದರ ಇತಿಹಾಸದ ಸಾತತ್ಯವು ಎಲ್ಲಿಯೂ ಕಡಿದುಹೋಗಿಲ್ಲವಾದುದರಿಂದ ಇದು ಅದೇ ಕಾರೆಂದು ತೀರ್ಪಿತ್ತರು. ನಮಗೆ ಈ ತೀರ್ಪು ಹೊಸತಾಗಿ ಕಾಣಬೇಕಾದುದಿಲ್ಲ. ನಮ್ಮ ಊರುಗಳ ದೇವಸ್ಥಾನಗಳಲ್ಲಿ ಜೀರ್ಣೋದ್ಧಾರವೆಂಬುದು ತಲೆಮಾರಿಗೊಮ್ಮೆ ನಡೆಯುವ ಕಾರ್ಯ. ಹಳೆಯ ಮರ ಹೋಗಿ ಹೊಸ ಮರ ಬರುತ್ತದೆ, ಮುಳಿಹುಲ್ಲು ಹೋಗಿ ಹಂಚು, ಹಂಚು ಹೋಗಿ ತಾಮ್ರದ ತಗಡು ಬರುತ್ತದೆ. ಆದರೂ ಅದು ಅದೇ ದೇವಸ್ಥಾನ. ಹೇಗೆ? ಕಟ್ಟಡವನ್ನು ಬಿಚ್ಚುವ ಮೊದಲು ಕಲಾಸಂಕೋಚ ಮಾಡಿ ದೇವರ ಸಾನ್ನಿಧ್ಯವನ್ನು ಬಾಲಾಲಯದಲ್ಲಿ ಇರಿಸಿ, ಕೆಲಸ ಮುಗಿದ ಮೇಲೆ ಮರಳಿ ಗರ್ಭಗುಡಿಗೆ ತರುವುದರಿಂದ ಸಾತತ್ಯ ತಪ್ಪುವುದಿಲ್ಲ. ಕಾರನ್ನು ಬಿಚ್ಚಿ, ತುಕ್ಕು ಹೆರೆದು, ಹೊಸ ತಗಡು ಬೆಸೆದು, ಹೊಸ ಬಣ್ಣ ಬಳಿಯುವ ದೀರ್ಘಾವಧಿಯಲ್ಲಿ ಆ ಕಾರಿನ ಸ್ವತ್ವವು ಎಲ್ಲಿರುತ್ತದೆ ಎಂದರೆ, ಅದರ ಕಾಗದಗಳಲ್ಲಿ. ಕಾಗದವೇ ಅದರ ಬಾಲಾಲಯ. ಕಾಗದವಿಲ್ಲದೆ ಬಿಚ್ಚಿ ಜೋಡಿಸಿದ ಕಾರು ಸುಂದರವಾಗಿರಬಹುದು. ಆದರೆ ಅದು ಯಾವ ಕಾರು ಎಂದು ಪ್ರತಿಜ್ಞೆ ಮಾಡಿ ಹೇಳುವವರಾರು?

ಇದೆಲ್ಲ ಉಳ್ಳವರ ವಿನೋದವೆಂಬ ಆಕ್ಷೇಪವನ್ನು ನಾನು ಹಗುರವಾಗಿ ತಳ್ಳಿಹಾಕುವವನಲ್ಲ. ಪೇಟೆಗಳಲ್ಲಿ ಹಳೆಯ ಕಾರು ಇಂದು ವ್ಯಾಪಾರದ ಸರಕಾಗಿದೆ. ಕಾಗದವಿದ್ದರೆ ಬೆಲೆ ಏರುತ್ತದೆಯೆಂಬುದೂ ನಿಜ. ಬೆಲೆ ಏರುವಲ್ಲಿ ಕಪಟವೂ ಹಿಂಬಾಲಿಸುತ್ತದೆ. ಚಹಾದ ನೀರಿನಲ್ಲಿ ಅದ್ದಿ ಹಳತಾಗಿಸಿದ ಹೊಸ ಹಾಳೆ, ಹಳೆಯ ಮಾದರಿಯಲ್ಲಿ ಅಚ್ಚುಹಾಕಿದ ಚೀಟಿ, ಗುಜರಿಗೆ ಹೋದ ಕಾರಿನ ಪುಸ್ತಕವನ್ನು ಬೇರೊಂದು ಕಾರಿಗೆ ಹೊಂದಿಸುವ ಕೈಚಳಕ, ಇವೆಲ್ಲ ಲೋಕದಲ್ಲಿ ನಡೆಯುತ್ತಲೇ ಇವೆ. ಅಂದಕ್ಕಾಗಿ ಮಾಡಿದ ಪ್ರತಿಯನ್ನು ಪ್ರತಿಯೆಂದೇ ಹೇಳಿ ಗಾಜಿನ ಮೇಲೆ ಅಂಟಿಸುವವನನ್ನು ದೂಷಿಸಬೇಕಾಗಿಲ್ಲ. ಮೂಲವೆಂದು ಹೇಳಿ ಮಾರುವವನು ಕಳ್ಳ, ಅಷ್ಟೆ. ಆದರೆ ಈ ಕಪಟದಿಂದ ಹೊರಡಬೇಕಾದ ತೀರ್ಮಾನವು ಕಾಗದಗಳನ್ನು ಉಪೇಕ್ಷಿಸಬೇಕೆಂದಲ್ಲ. ಅವನ್ನು ಹೆಚ್ಚು ಶಿಸ್ತಿನಿಂದ, ಎಲ್ಲಿ ದೊರೆಯಿತು, ಯಾರಿಂದ ದೊರೆಯಿತು, ಯಾವಾಗ ದೊರೆಯಿತು ಎಂಬ ಟಿಪ್ಪಣಿಯೊಡನೆ ಉಳಿಸಬೇಕೆಂದು. ಖೋಟಾ ಶಾಸನಗಳಿವೆಯೆಂದು ಯಾರೂ ಶಾಸನಶಾಸ್ತ್ರವನ್ನು ಕೈಬಿಡಲಿಲ್ಲ. ಇನ್ನು ಬಡವ-ಬಲ್ಲಿದರ ಮಾತು. ಮುಳ್ಳೇರಿಯ, ಬದಿಯಡ್ಕದ ಒಳದಾರಿಗಳಲ್ಲಿ ಹತ್ತು ಜನರ ಜಾಗದಲ್ಲಿ ಇಪ್ಪತ್ತು ಜನರನ್ನು ಹೊತ್ತು ಓಡಿದ ಬಾಡಿಗೆ ಜೀಪಿನ ಪುಸ್ತಕವೂ ಅದರ ಚಾಲಕನ ಲೆಕ್ಕದ ಪುಸ್ತಕವೂ ಅರಸುಮನೆತನದ ರೋಲ್ಸ್ ರಾಯ್ಸಿನ ಕಾಗದಕ್ಕಿಂತ ನಮಗೆ ಅಮೂಲ್ಯ. ರೋಲ್ಸ್ ರಾಯ್ಸಿನ ಚರಿತ್ರೆ ಬರೆಯುವವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ.

ಕಂಪ್ಯೂಟರಿನಲ್ಲಿ ಎಲ್ಲವೂ ಇದೆಯಲ್ಲ ಎಂದು ಯುವಕರು ಕೇಳುತ್ತಾರೆ. ಸರ್ಕಾರದ 'ವಾಹನ್' ದಾಖಲೆಯಲ್ಲಿ ಸಂಖ್ಯೆಗಳೂ ಹೆಸರೂ ವರ್ಷವೂ ಇರುತ್ತವೆ. ಆದರೆ ನಾನು ಮೇಲೆ ಹೇಳಿದ ಮೂರು ಮುದ್ರೆಗಳು ಅಲ್ಲಿಲ್ಲ. ಕಾನೂನು ಕೂಡ ಈಗ ಹಳೆಯ ಪುಸ್ತಕದ ಕಡೆಗೆ ತಿರುಗಿದೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ನಿಯಮದ ಪ್ರಕಾರ, ಐವತ್ತು ವರ್ಷ ದಾಟಿದ, ಚಾಸಿ, ಕವಚ, ಎಂಜಿನುಗಳಲ್ಲಿ ಗಣನೀಯ ಮಾರ್ಪಾಡಿಲ್ಲದ, ವಾಣಿಜ್ಯಕ್ಕೆ ಬಳಸದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಅದಕ್ಕೆ 'ವಿಎ' ಎಂಬ ಅಕ್ಷರಗಳುಳ್ಳ ಸಂಖ್ಯೆ, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷಗಳ ಅವಧಿ. ಮೊದಲೇ ಭಾರತದಲ್ಲಿ ನೋಂದಣಿಯಾದ ವಾಹನವಾದರೆ ಹಳೆಯ ನೋಂದಣಿ ಪತ್ರವನ್ನೂ, ಹೊರದೇಶದಿಂದ ತಂದುದಾದರೆ ಸುಂಕದ ಕಾಗದವನ್ನೂ ಒಪ್ಪಿಸಬೇಕು. ಅಟ್ಟದ ಮೇಲೆ ಒರಲೆ ತಿಂದ ಪುಸ್ತಕದ ಬೆಲೆ ಆಗ ತಿಳಿಯುತ್ತದೆ. ಎಂಜಿನ್ ಬದಲಾಗಿರುವ ನಮ್ಮ ಸೀಮೆಯ ಹಲವು ಕಾರುಗಳಿಗೆ ಈ ನಿಯಮ ಅನುಕೂಲವಾಗಲಾರದೆಂಬುದು ಬೇರೆ ಮಾತು.

ಉಳಿಸುವ ವಿಧಾನದ ವಿಷಯದಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯ. ಏಕೆಂದರೆ ಉಪೇಕ್ಷೆಯಿಂದ ಹಾಳಾದುವಕ್ಕಿಂತ ಉತ್ಸಾಹದಿಂದ ಹಾಳಾದುವು ಕಡಮೆಯೇನಲ್ಲ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 65ನ್ನು ಮೀರಿ ಬಹುಕಾಲ ನಿಂತರೆ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮ ಮನೆಗಳಲ್ಲಿ ಅದಕ್ಕಿಂತ ಕಡಮೆಯಿರುವ ದಿನವನ್ನು ಹುಡುಕಬೇಕು. ಆದುದರಿಂದ ಕಾರನ್ನು ಬಿಚ್ಚುವ ಕೆಲಸವನ್ನು ಮಳೆಗಾಲ ಕಳೆದ ಮೇಲೆಯೇ ಇಟ್ಟುಕೊಳ್ಳತಕ್ಕದ್ದು. ಹಿಂದಿನ ಸೀಟಿನ ಅಡಿ, ಬಾಗಿಲಿನ ಒಳಹಲಗೆಯ ಹಿಂಬದಿ, ನೆಲಹಾಸಿನ ಕೆಳಗೆ, ಸ್ಟೆಪ್ನಿಯ ಗುಳಿ, ಹತಾರದ ಚೀಲ, ಮುಂದಿನ ಪೆಟ್ಟಿಗೆಯ ಹಿಂದೆ ಜಾರಿಬಿದ್ದುದು, ಇವು ನೋಡತಕ್ಕ ಸ್ಥಳಗಳು. ಏನಾದರೂ ಕಂಡರೆ ಮೊದಲು ಕೈ ಹಾಕಬಾರದು. ಇದ್ದಲ್ಲಿಯೇ ಚಿತ್ರ ತೆಗೆಯಬೇಕು. ಎಲ್ಲಿತ್ತು ಎಂಬುದೇ ಅರ್ಧ ಸಾಕ್ಷ್ಯ. ತುಕ್ಕಿಗೆ ಅಂಟಿಕೊಂಡ ಹಾಳೆಯನ್ನು ಎಳೆಯದೆ, ತೆಳುವಾದ ಎಲುಬಿನ ಅಥವಾ ಬಿದಿರಿನ ಚಕ್ಕೆಯಿಂದ ಅಂಚಿನಿಂದ ಬಿಡಿಸುತ್ತಾ ಹೋಗಬೇಕು. ತೇವವಿದ್ದರೆ ಬಿಸಿಲಿಗಿಡುವುದು ಮಹಾಪ್ರಮಾದ: ಬಣ್ಣ ಹಾರುತ್ತದೆ, ಹಾಳೆ ಸುರುಟುತ್ತದೆ. ಹೀರುಕಾಗದಗಳ ಮಧ್ಯೆ ಇಟ್ಟು, ಮೇಲೆ ಹಗುರವಾದ ಭಾರವಿಟ್ಟು, ನೆರಳಿನ ಗಾಳಿಯಲ್ಲಿ ಒಣಗಿಸಿ, ಹೀರುಕಾಗದವನ್ನು ಬದಲಿಸುತ್ತಿರಬೇಕು. ಒಂದು ಕಟ್ಟೇ ಒದ್ದೆಯಾಗಿ ತತ್‌ಕ್ಷಣ ಒಣಗಿಸಲು ಅನುಕೂಲವಿಲ್ಲದಿದ್ದರೆ, ಚೀಲದಲ್ಲಿ ಕಟ್ಟಿ ಫ್ರಿಜ್ಜಿನ ಹಿಮಗಟ್ಟುವ ಕೋಣೆಯಲ್ಲಿರಿಸಿದರೆ ಬೂಷ್ಟು ಹಿಡಿಯದೆ ಕಾಲಾವಕಾಶ ದೊರೆಯುತ್ತದೆ.

ನೀರಿನಿಂದ ತೊಳೆಯುವ ಆಸೆಯನ್ನು ಮಾತ್ರ ಬಿಡಬೇಕು. ಆ ಕಾಲದ ಗುಮಾಸ್ತರು ಬಳಸುತ್ತಿದ್ದ ನಕಲು ಪೆನ್ಸಿಲಿನ ಬರಹ ಒಣಗಿದ್ದಾಗ ಬೂದುಬಣ್ಣ, ತೇವ ತಗಲಿದೊಡನೆ ನೇರಳೆಯಾಗಿ ಹರಡುತ್ತದೆ. ರಬ್ಬರು ಮುದ್ರೆಯ ಶಾಯಿಯೂ ಫೌಂಟನ್ ಪೆನ್ನಿನ ಶಾಯಿಯೂ ಅಂಥವೇ. ಕಚೇರಿಯ ಮುದ್ರೆಗಾಗಿಯೇ ಪುಸ್ತಕವನ್ನು ಉಳಿಸಬೇಕೆಂದು ವಾದಿಸಿದ ನಾನು ಆ ಮುದ್ರೆ ಕರಗಿಹೋಗುವುದನ್ನು ಹೇಗೆ ಸಹಿಸಲಿ? ಮೃದುವಾದ ಕುಂಚದಿಂದ ಧೂಳನ್ನು ಜಾಡಿಸಿದರೆ ಸಾಕು. ಎಣ್ಣೆಯ ಕಲೆ ಇರಲಿ. ಮೇಸ್ತ್ರಿಯ ಹೆಬ್ಬೆಟ್ಟು ಅಲ್ಲಿದೆ. ಸೆಲ್ಲೋಟೇಪಿನ ಅಂಟು ಕೆಲವೇ ವರ್ಷಗಳಲ್ಲಿ ಹಳದಿಗಟ್ಟಿ ಕಾಗದದೊಳಕ್ಕೆ ಇಳಿಯುತ್ತದೆ. ಗುಂಡುಸೂಜಿ, ಸ್ಟೇಪಲ್ ಪಿನ್ನುಗಳು ನಮ್ಮ ಹವೆಯಲ್ಲಿ ಒಂದೇ ಮಳೆಗಾಲಕ್ಕೆ ತುಕ್ಕು ಕಕ್ಕುತ್ತವೆ. ಎಲ್ಲಕ್ಕಿಂತ ಘಾತುಕವಾದುದು ಪೇಟೆಯ ಅಂಗಡಿಗಳಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಮಾಡಿಕೊಡುವ ಲ್ಯಾಮಿನೇಷನ್: ಬಿಸಿಯಿಂದ ಕರಗಿ ಕಾಗದದ ನಾರಿನೊಳಗೆ ಸೇರಿದ ಪ್ಲಾಸ್ಟಿಕ್ಕನ್ನು ಹಾನಿಯಿಲ್ಲದೆ ಬಿಡಿಸಲು ಯಾರಿಂದಲೂ ಆಗದು. ಅಗ್ಗದ ಪಿ.ವಿ.ಸಿ. ಕವರುಗಳೂ ಶಾಯಿಯನ್ನು ಎಳೆದುಕೊಳ್ಳುತ್ತವೆ. ಪಾಲಿಯೆಸ್ಟರ್ ಹಾಳೆಯ ಲಕೋಟೆಯಲ್ಲಿ ಅಂಟಿಲ್ಲದೆ ಇರಿಸಿ, ಆಮ್ಲರಹಿತ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿ, ಜೊತೆಗೆ ಸಿಲಿಕಾ ಜೆಲ್ಲಿನ ಪೊಟ್ಟಣವನ್ನಿಟ್ಟು ಅದನ್ನು ಆಗಾಗ ಒಣಗಿಸುತ್ತಿದ್ದರೆ, ಗೃಹಸ್ಥನೊಬ್ಬನು ಮಾಡಬಹುದಾದಷ್ಟನ್ನೂ ಮಾಡಿದಂತಾಯಿತು. ಓಲೆಗರಿಗಳಿಗೆ ಮಜ್ಜಿಗೆಹುಲ್ಲಿನ ಎಣ್ಣೆ ಸವರಿ, ಒಲೆಯ ಹೊಗೆ ತಾಗುವ ಅಟ್ಟದಲ್ಲಿರಿಸಿ ಯಕ್ಷಗಾನ ಪ್ರಸಂಗಗಳನ್ನು ಉಳಿಸಿದ ಹಿರಿಯರ ಬುದ್ಧಿ ಸಾಮಾನ್ಯವಾದುದಲ್ಲ. ಆದರೆ ಓಲೆಯ ಔಷಧವನ್ನು ಕಾಗದಕ್ಕೆ ಪ್ರಯೋಗಿಸಬಾರದು. ಎಣ್ಣೆಯೂ ಹೊಗೆಯೂ ಕಾಗದಕ್ಕೆ ಶತ್ರುಗಳು.

ಚಿತ್ರದ ಪ್ರತಿಯನ್ನು ತೆಗೆದಿಡುವುದು ಅವಶ್ಯವೇ. ಓದುವವರು ಆ ಪ್ರತಿಯನ್ನು ಓದಲಿ, ಮೂಲವು ಪೆಟ್ಟಿಗೆಯಲ್ಲಿರಲಿ. ಆದರೆ ಪ್ರತಿ ಬಂತೆಂದು ಮೂಲವನ್ನು ಕಳೆಯುವವನು, ಕಲ್ಲಿನ ಅಚ್ಚುತೆಗೆದ ಮೇಲೆ ಶಾಸನವನ್ನು ಮೆಟ್ಟಿಲಿಗೆ ಹಾಸಿದವನ ವಂಶಜ. ಕಾಗದದ ದಪ್ಪ, ನೀರಚ್ಚು, ಒತ್ತಿದ ಮುದ್ರೆಯ ಹಳ್ಳ, ಎರಡು ಶಾಯಿಗಳ ಭೇದ, ಇವು ಚಿತ್ರದಲ್ಲಿ ಬರುವುದಿಲ್ಲ, ಮತ್ತು ಖೋಟಾ ಬಯಲಾಗುವುದು ಇವುಗಳಿಂದಲೇ.

ಮನೆಯಲ್ಲಿ ಉಳಿಸಲು ಆಗದಿದ್ದರೆ? ಕಾರನ್ನು ಕೊಡುವಾಗ ಕಾಗದವನ್ನೂ ಅದರೊಟ್ಟಿಗೆ ಕೊಡುವುದು ನ್ಯಾಯ; ಎರಡನ್ನು ಅಗಲಿಸಿದರೆ ಎರಡಕ್ಕೂ ಅರ್ಧ ಅರ್ಥ. ಧರ್ಮಸ್ಥಳದಲ್ಲಿ ಹಳೆಯ ವಾಹನಗಳ ದೊಡ್ಡ ಸಂಗ್ರಹವಿದೆ. ಶ್ರೀರಂಗಪಟ್ಟಣದ ಬಳಿ 'ಪಯಣ' ಎಂಬ ವಾಹನ ಸಂಗ್ರಹಾಲಯವೂ ಆಗಿದೆ. ಅಂಥಲ್ಲಿ ಕಾರನ್ನು ನೋಡಹೋಗುವವರು ಹೊಳೆಯುವ ಬಣ್ಣವನ್ನು ಮೆಚ್ಚಿ ಹಿಂದಿರುಗುತ್ತಾರೆ. ಪ್ರತಿಯೊಂದು ವಾಹನದ ಪಕ್ಕದಲ್ಲಿ ಅದರ ಕಾಗದದ ಪ್ರತಿಯೊಂದನ್ನು ಗಾಜಿನೊಳಗಿಟ್ಟು ತೋರಿಸುವ ಕ್ರಮ ನಮ್ಮ ಸಂಗ್ರಹಾಲಯಗಳಲ್ಲಿ ರೂಢವಾಗಬೇಕು. ಕಾಸರಗೋಡಿನ ಕನ್ನಡ ಸಂಘಗಳೂ ಶಾಲಾಕಾಲೇಜುಗಳೂ ಹಸ್ತಪ್ರತಿಗಳನ್ನು ಕೂಡಿಸುವಾಗ, ಪಟ್ಟಿಯಲ್ಲಿ 'ವಾಹನದ ಪುಸ್ತಕಗಳು' ಎಂಬ ಒಂದು ಸಾಲನ್ನು ಸೇರಿಸಿದರೆ ಖರ್ಚೇನೂ ಹೆಚ್ಚುವುದಿಲ್ಲ.

ಗುಜರಿಯವನ ಲಾರಿ ನಮ್ಮ ಒಳದಾರಿಗಳಿಗೂ ಈಗ ಬರುತ್ತದೆ. ತೂಕದ ಲೆಕ್ಕದಲ್ಲಿ ಕಬ್ಬಿಣಕ್ಕೆ ದುಡ್ಡು ಎಣಿಸಿಕೊಟ್ಟು, ಸೀಟು, ರೆಗ್ಜಿನು, ಕಾಗದಗಳನ್ನು ದಾರಿಯಲ್ಲೇ ಎಸೆಯುತ್ತದೆ. ಅದು ಅಂಗಳಕ್ಕೆ ಬರುವ ಹಿಂದಿನ ದಿನ, ದಯವಿಟ್ಟು, ಹಿಂದಿನ ಸೀಟನ್ನು ಒಮ್ಮೆ ಎತ್ತಿ ನೋಡಿ.